ಧರ್ಮಾಧ್ಯಕ್ಷರ ಲೆಕ್ಕ ಕೇಳುವವರು ಯಾರು?

ಎರ್ನಾಕುಳಂ-ಅಂಗಮಾಲಿ ಮಹಾಧರ್ಮಪ್ರಾಂತ್ಯದ ಬಲಿಪೂಜೆಯ ವಿವಾದವು 2025ರ ಜುಲೈಯಲ್ಲಿ ಒಂದು ಬಗೆಯ ಒಡಂಬಡಿಕೆಗೆ ಬಂದು ನಿಂತಿತು. ಪೂಜೆಯ ವೇಳೆ ಧರ್ಮಗುರುಗಳು ಭಕ್ತರ ಕಡೆಗೆ ಮುಖ ಮಾಡಬೇಕೇ, ಪೂಜಾಪೀಠದ ಕಡೆಗೆ ಮುಖ ಮಾಡಬೇಕೇ ಎಂಬ ಪ್ರಶ್ನೆಯ ಮೇಲೆ ಎರ್ನಾಕುಳಂನ ಸೈಂಟ್ ಮೇರಿಸ್ ಬೆಸಿಲಿಕಾ ತಿಂಗಳುಗಟ್ಟಲೆ ಬಾಗಿಲು ಮುಚ್ಚಿತ್ತು; ಪೊಲೀಸರ ಕಾವಲು, ಘೇರಾವ್, ಉಪವಾಸ ಎಲ್ಲವೂ ನಡೆದವು. ಒಡಂಬಡಿಕೆಯ ಹೊಣೆ ಹೊತ್ತವರು ತಲಶ್ಶೇರಿಯ ಮಹಾಧರ್ಮಾಧ್ಯಕ್ಷ ಮಾರ್ ಜೋಸೆಫ್ ಪಾಂಪ್ಲಾನಿ. ಕಾಸರಗೋಡು ಜಿಲ್ಲೆಯ ಪೂರ್ವದ ಗುಡ್ಡಗಾಡಿನ ಸೀರೋ ಮಲಬಾರ್ ಇಗರ್ಜಿಗಳು ಇರುವುದೂ ಅವರ ವ್ಯಾಪ್ತಿಯಲ್ಲಿಯೇ. ಆದುದರಿಂದ ಇದು ದೂರದ ಕೊಚ್ಚಿಯ ಜಗಳ, ನಮಗೇಕೆ ಎಂದು ಗಡಿನಾಡಿನ ಓದುಗರು ಪುಟ ಮಗುಚುವಂತಿಲ್ಲ.

ಮುಖದ ದಿಕ್ಕಿನ ಈ ಜಗಳದ ಗದ್ದಲದಲ್ಲಿ ಅದಕ್ಕಿಂತ ಹಿಂದಿನ ಒಂದು ಪ್ರಶ್ನೆ ಮರೆಗೆ ಸರಿಯಿತು. ಅದು ಭೂಮಿಯ ಪ್ರಶ್ನೆ, ಹಣದ ಪ್ರಶ್ನೆ. ಎರ್ನಾಕುಳಂನ ಧರ್ಮಗುರುಗಳಲ್ಲಿ ಹಲವರು ತಮ್ಮ ಮೇಲಧಿಕಾರಿಯ ವಿರುದ್ಧ ಮೊದಲು ದನಿಯೆತ್ತಿದ್ದು ಪೂಜಾವಿಧಿಗಾಗಿ ಅಲ್ಲ, ಲೆಕ್ಕಕ್ಕಾಗಿ ಎಂಬುದನ್ನು ನೆನಪಿಸುವುದು ಅಗತ್ಯ.

ವೈದ್ಯಕೀಯ ಕಾಲೇಜು ಕಟ್ಟುವ ಉದ್ದೇಶದಿಂದ ಮಹಾಧರ್ಮಪ್ರಾಂತ್ಯವು ಭೂಮಿ ಕೊಂಡಿತು. ಅದಕ್ಕಾಗಿ ಬ್ಯಾಂಕಿನಿಂದ ಸುಮಾರು 60 ಕೋಟಿ ರೂಪಾಯಿ ಸಾಲ ಮಾಡಿತು. ಕಾಲೇಜು ಬರಲಿಲ್ಲ, ಸಾಲ ಉಳಿಯಿತು. ಸಾಲ ತೀರಿಸಲೆಂದು 2016-17ರಲ್ಲಿ ಕೊಚ್ಚಿ ನಗರ ಪರಿಸರದ ಸುಮಾರು 3 ಎಕರೆ ಭೂಮಿಯನ್ನು ತುಂಡು ತುಂಡಾಗಿ 36 ಮಂದಿಗೆ ಮಾರಲಾಯಿತು. ಬರಬೇಕಾಗಿದ್ದುದು ಸುಮಾರು 27 ಕೋಟಿ. ಕೈಗೆ ಬಂದದ್ದು ಸುಮಾರು 9 ಕೋಟಿ. ಬಾಕಿ ಮೊತ್ತಕ್ಕೆ ಭದ್ರತೆಯೆಂದು ಕೋಟ್ಟಪ್ಪಡಿ ಮತ್ತು ದೇವಿಕುಳಂಗಳಲ್ಲಿ ಬೇರೆ ಭೂಮಿ ಬರೆಯಿಸಿಕೊಳ್ಳಲಾಯಿತು. ಸಾಲ ತೀರುವ ಬದಲು ಏರಿತು. ಈ ವ್ಯವಹಾರ ಸಮಿತಿಗಳ ಗಮನಕ್ಕೆ ಸರಿಯಾಗಿ ಬಂದಿರಲಿಲ್ಲ ಎಂದು ಗುರುಗಳ ಮಂಡಳಿಯೇ 2017ರ ಕೊನೆಯಲ್ಲಿ ಪ್ರಶ್ನೆಯೆತ್ತಿತು.

ಆಗ ಸೀರೋ ಮಲಬಾರ್ ಧರ್ಮಸಭೆಯ ಪರಮಾಧಿಕಾರಿ ಕಾರ್ಡಿನಲ್ ಜಾರ್ಜ್ ಆಲಂಚೇರಿ. 2018ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಕೆಮಾಲ್ ಪಾಷ ಅವರು ಪ್ರಕರಣ ದಾಖಲಿಸಲು ಆದೇಶಿಸಿದರು. ಅದೇ ಜೂನ್‌ನಲ್ಲಿ ವ್ಯಾಟಿಕನ್ ಆಡಳಿತವನ್ನು ಬೇರೊಬ್ಬ ಬಿಷಪರಿಗೆ ವಹಿಸಿತು. ಮುಂದಿನ ವರ್ಷ ಅದನ್ನು ಮತ್ತೆ ಬದಲಾಯಿಸಿತು. ಕೆಳ ನ್ಯಾಯಾಲಯದ ಪ್ರಕರಣಗಳನ್ನು ರದ್ದುಪಡಿಸಬೇಕೆಂಬ ಕಾರ್ಡಿನಲ್ ಅವರ ಕೋರಿಕೆಯನ್ನು 2021ರ ಆಗಸ್ಟ್‌ನಲ್ಲಿ ಹೈಕೋರ್ಟ್ ತಿರಸ್ಕರಿಸಿತು. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಆದರೆ ಅರ್ಜಿಯ ವ್ಯಾಪ್ತಿ ಮೀರಿ ಹೈಕೋರ್ಟ್ ಮುಂದುವರಿಸಿದ್ದ ನಿರ್ದೇಶನಗಳನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2023ರ ಡಿಸೆಂಬರ್‌ನಲ್ಲಿ ಆಲಂಚೇರಿ ಪದತ್ಯಾಗ ಮಾಡಿದರು, 2024ರ ಜನವರಿಯಲ್ಲಿ ಮಾರ್ ರಾಫೇಲ್ ತಟ್ಟಿಲ್ ಆಯ್ಕೆಯಾದರು. ಕಾರ್ಡಿನಲ್ ಅವರು ತಮ್ಮ ಮೇಲಿನ ಆರೋಪಗಳನ್ನು ನಿರಾಕರಿಸಿದ್ದಾರೆ. ವಿಚಾರಣೆ ಎದುರಿಸಬೇಕೆಂಬ ಆದೇಶ ಅಪರಾಧ ನಿರ್ಣಯವಲ್ಲ. ಈ ಎಚ್ಚರವನ್ನು ನಾವು ಬಿಡಬಾರದು.

ಅವರು ತಪ್ಪು ಮಾಡಿದರೋ ಇಲ್ಲವೋ ಎಂಬುದು ನ್ಯಾಯಾಲಯಕ್ಕೆ ಸೇರಿದ್ದು. ನಮ್ಮ ಆಸಕ್ತಿ ಇರುವುದು, ಅಷ್ಟು ದೊಡ್ಡ ಮೊತ್ತದ ವ್ಯವಹಾರವನ್ನು ಪ್ರಶ್ನಿಸಲು ಒಬ್ಬ ಸಾಮಾನ್ಯ ಭಕ್ತನಿಗೆ ಕ್ರಿಮಿನಲ್ ದೂರಿನ ಹೊರತು ಬೇರೆ ದಾರಿ ಏಕೆ ಇರಲಿಲ್ಲ ಎಂಬ ಬಗ್ಗೆ. ಸಹಕಾರಿ ಸಂಘದ ಸದಸ್ಯನಿಗೆ ವಾರ್ಷಿಕ ಮಹಾಸಭೆಯಿದೆ. ಪಂಚಾಯತಿನ ಮತದಾರನಿಗೆ ಗ್ರಾಮಸಭೆಯಿದೆ. ಮಲಬಾರ್ ದೇವಸ್ವಂ ಮಂಡಳಿಯ ಅಧೀನದ ದೇವಸ್ಥಾನದಲ್ಲಿ ಕಾಣಿಕೆ ಡಬ್ಬಿಯ ಲೆಕ್ಕ ತಪ್ಪಿದರೆ ಕೇಳಲು ಒಂದು ಸರಕಾರಿ ಕಚೇರಿಯಿದೆ. ಇಗರ್ಜಿಗೆ ತಿಂಗಳ ವಂತಿಗೆ ಕೊಡುವವನು ಲೆಕ್ಕ ಕೇಳಲು ಹೋಗಬೇಕಾದುದು ಧರ್ಮಾಧ್ಯಕ್ಷರ ಬಳಿಗೆ. ಧರ್ಮಾಧ್ಯಕ್ಷರ ಲೆಕ್ಕವನ್ನೇ ಕೇಳಬೇಕಿದ್ದರೆ ರೋಮಿಗೆ ಕಾಗದ ಬರೆಯಬೇಕು.

ಧರ್ಮಸಭೆಯ ಸ್ವಂತ ಕಾನೂನಿನಲ್ಲಿ ಉತ್ತರದಾಯಿತ್ವದ ಮಾತೇ ಇಲ್ಲವೆಂದು ಯಾರೂ ಭಾವಿಸಬೇಕಿಲ್ಲ. ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರದ ಇಗರ್ಜಿಗಳು ಲ್ಯಾಟಿನ್ ಪದ್ಧತಿಯವು. ಕೇರಳದ ನೆಲದಲ್ಲಿದ್ದರೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ಇವುಗಳಿಗೆ ಅನ್ವಯಿಸುವ 1983ರ ಕ್ಯಾನನ್ ಸಂಹಿತೆಯ 537ನೆಯ ವಿಧಿಯು ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಲೇಬೇಕೆನ್ನುತ್ತದೆ. 492ನೆಯ ವಿಧಿ ಧರ್ಮಪ್ರಾಂತ್ಯದ ಮಟ್ಟದಲ್ಲಿ ಅದನ್ನೇ ಹೇಳುತ್ತದೆ. ಭಕ್ತರು ಕೊಟ್ಟ ಸಂಪತ್ತಿನ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು 1287ನೆಯ ವಿಧಿಯ ಎರಡನೆಯ ಭಾಗ ತಿಳಿಸುತ್ತದೆ. ಆಸ್ತಿಯು ಬಿಷಪರ ಸ್ವಂತದ್ದಲ್ಲ, ಅದನ್ನು ಗಳಿಸಿದ ಸಂಸ್ಥೆಯದು ಎಂಬುದೂ ಅಲ್ಲಿ ಸ್ಪಷ್ಟ. ಹಾಗಾದರೆ ತೊಡಕು ಎಲ್ಲಿ? ಧರ್ಮಕೇಂದ್ರದ ಸಮಿತಿಯ ಅಧ್ಯಕ್ಷರು ಧರ್ಮಗುರುಗಳೇ. ಧರ್ಮಪ್ರಾಂತ್ಯದ ಸಮಿತಿಯ ಸದಸ್ಯರನ್ನು ನೇಮಿಸುವವರು ಬಿಷಪರೇ. ದೊಡ್ಡ ಆಸ್ತಿ ಮಾರಾಟಕ್ಕೆ ಸಮಿತಿಯ ಸಮ್ಮತಿ ಬೇಕಾದರೂ ಇತರ ಬಹುತೇಕ ವಿಷಯಗಳಲ್ಲಿ ಅದರದು ಸಲಹೆ ಮಾತ್ರ. ಉತ್ತರ ಹೇಳಬೇಕಾದವನೇ ಪ್ರಶ್ನೆ ಕೇಳುವವನನ್ನು ಆರಿಸುವುದಾದರೆ ಎಂತಹ ಪ್ರಾಮಾಣಿಕನ ಕೈಯಲ್ಲಿಯೂ ಆ ವ್ಯವಸ್ಥೆ ಕುಂಟುತ್ತದೆ.

ಇದು ಹೊರಗಿನಿಂದ ಹೇರುವ ಪಾಶ್ಚಾತ್ಯ ಕಲ್ಪನೆ ಎಂಬ ಆಕ್ಷೇಪವೂ ಕೇಳಿಬರುತ್ತದೆ. ಇತಿಹಾಸ ಅದಕ್ಕೆ ವಿರುದ್ಧವಾಗಿದೆ. ಪೋರ್ಚುಗೀಸರು ಬರುವ ಮೊದಲು ಕೇರಳದ ಸಂತ ತೋಮಸರ ಪರಂಪರೆಯ ಕ್ರೈಸ್ತರಲ್ಲಿ ಬಿಷಪರು ಪಶ್ಚಿಮ ಏಷ್ಯದಿಂದ ಬರುತ್ತಿದ್ದರು. ಅವರದು ಆಧ್ಯಾತ್ಮಿಕ ಹೊಣೆ. ಸಮುದಾಯದ ಲೌಕಿಕ ಆಡಳಿತವನ್ನು ಸ್ಥಳೀಯನಾದ ಅರ್ಕದಿಯಾಕೋನನು ನೋಡಿಕೊಳ್ಳುತ್ತಿದ್ದನು. ಊರಿನ ಇಗರ್ಜಿಯ ಆಸ್ತಿಪಾಸ್ತಿಯನ್ನು ಕುಟುಂಬಗಳ ಹಿರಿಯರು ಸೇರಿದ ಪಳ್ಳಿಯೋಗ ನಿರ್ಧರಿಸುತ್ತಿತ್ತು. 1599ರಲ್ಲಿ ಗೋವೆಯ ಮಹಾಧರ್ಮಾಧ್ಯಕ್ಷ ಮೆನೆಜಿಸ್ ಉದಯಂಪೇರೂರಿನಲ್ಲಿ ಸೇರಿಸಿದ ಸಭೆಯ ಬಳಿಕ ಬಿಷಪರ ಕೈಯಲ್ಲಿ ಅಧಿಕಾರ ಕೇಂದ್ರೀಕೃತವಾಗುತ್ತ ಬಂದಿತು. ಇಂದಿಗೂ ಸೀರೋ ಮಲಬಾರ್ ಇಗರ್ಜಿಗಳಲ್ಲಿ ಪಳ್ಳಿಯೋಗ ಎಂಬ ಹೆಸರು ಉಳಿದಿದೆ. ಕೊನೆಯ ಮಾತು ಮಾತ್ರ ಮೇಲಿನವರದು. ಈ ಹಳೆಯ ಪದ್ಧತಿಯನ್ನು ಎತ್ತಿ ಹಿಡಿದು ದಶಕಗಳ ಕಾಲ ಬರೆದವರು ಪಾಲಾದ ಜೋಸೆಫ್ ಪುಲಿಕ್ಕುನ್ನೇಲ್. ಅವರು ಶ್ರದ್ಧಾವಂತ ಕೆಥೋಲಿಕರಾಗಿದ್ದುಕೊಂಡೇ ಚರ್ಚ್ ಆಸ್ತಿಗೆ ಕಾನೂನು ಬೇಕೆಂದರು, 2017ರಲ್ಲಿ ತೀರಿಕೊಂಡರು. ಅವರ ಬರಹ ಕನ್ನಡಕ್ಕೆ ಹೆಚ್ಚಾಗಿ ಬಂದಿಲ್ಲ ಎಂಬುದು ನಮ್ಮ ನಷ್ಟ.

ಕಾನೂನಿನ ಯತ್ನ ಎರಡು ಬಾರಿ ನಡೆಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅಧ್ಯಕ್ಷತೆಯ ಕಾನೂನು ಸುಧಾರಣಾ ಆಯೋಗವು 2009ರಲ್ಲಿ ಒಂದು ಕರಡು ಕೊಟ್ಟಿತು. 2019ರಲ್ಲಿ ನ್ಯಾಯಮೂರ್ತಿ ಕೆ.ಟಿ. ತೋಮಸ್ ಅಧ್ಯಕ್ಷತೆಯ ಆಯೋಗವು ಇನ್ನೊಂದನ್ನು ಪ್ರಕಟಿಸಿತು. ಎರಡನೆಯದು ಬಹಳ ಸೌಮ್ಯವಾದುದು: ಪ್ರತಿ ಧರ್ಮಸಭೆಯೂ ಲೆಕ್ಕ ಇಡಬೇಕು, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಯಾಗಬೇಕು, ದೂರುಗಳನ್ನು ಆಲಿಸಲು ಒಂದು ನ್ಯಾಯಮಂಡಳಿ ಇರಬೇಕು. ದೇವಸ್ವಂ ಮಂಡಳಿಯಂತೆ ಸರಕಾರ ಆಡಳಿತ ವಹಿಸಿಕೊಳ್ಳುವ ಮಾತು ಅದರಲ್ಲಿ ಇರಲಿಲ್ಲ. ಆದರೂ ಇಗರ್ಜಿಗಳಲ್ಲಿ ಪ್ರತಿಭಟನೆಯ ಕರೆ ಮೊಳಗಿತು. ಲೋಕಸಭಾ ಚುನಾವಣೆ ಬಾಗಿಲಲ್ಲಿತ್ತು. ಇಂತಹ ಕಾನೂನು ತರುವ ಉದ್ದೇಶವೇ ಸರಕಾರಕ್ಕಿಲ್ಲವೆಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಹೇಳಿದರು, ಕರಡು ಮೂಲೆ ಸೇರಿತು. ಎಡವೂ ಬಲವೂ ಈ ಒಂದು ವಿಷಯದಲ್ಲಿ ಎಷ್ಟು ಬೇಗ ಒಮ್ಮತಕ್ಕೆ ಬಂದವು!

ಶಿಕ್ಷಕರಾದ ನಮಗೆ ಈ ದೃಶ್ಯ ಪರಿಚಿತ. 1957ರಲ್ಲಿ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿ ಶಿಕ್ಷಣ ಮಸೂದೆ ತಂದಾಗಲೂ ಇದೇ ಮಾತುಗಳು ಕೇಳಿದ್ದವು: ಅಲ್ಪಸಂಖ್ಯಾತರ ಹಕ್ಕಿನ ಮೇಲೆ ದಾಳಿ, ಧರ್ಮದ ಮೇಲೆ ದಾಳಿ. ಅದಕ್ಕಿಂತ ಮೊದಲು ಖಾಸಗಿ ಶಾಲೆಯ ಮೇಷ್ಟ್ರುಗಳು ಪುಸ್ತಕದಲ್ಲಿ ಪೂರ್ಣ ಸಂಬಳಕ್ಕೆ ರುಜು ಹಾಕಿ ಕೈಯಲ್ಲಿ ಅದರ ಒಂದು ಪಾಲನ್ನು ಮಾತ್ರ ಪಡೆಯುತ್ತಿದ್ದುದು ಹಿರಿಯ ಶಿಕ್ಷಕರು ಹೇಳುತ್ತಿದ್ದ ಕಥೆ. ಮಸೂದೆಯು ಸರಕಾರವೇ ನೇರವಾಗಿ ಸಂಬಳ ಕೊಡುವ ಏರ್ಪಾಡು ಮಾಡಿತು. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದಾಗ ಸುಪ್ರೀಂ ಕೋರ್ಟ್ 1958ರಲ್ಲಿ ಒಂದು ತತ್ವವನ್ನು ಸ್ಥಾಪಿಸಿತು: ಸಂಸ್ಥೆ ನಡೆಸುವ ಅಲ್ಪಸಂಖ್ಯಾತರ ಹಕ್ಕಿನಲ್ಲಿ ಅದನ್ನು ಕೆಟ್ಟದಾಗಿ ನಡೆಸುವ ಹಕ್ಕು ಸೇರಿಲ್ಲ. ವಿಮೋಚನಾ ಸಮರ ನಡೆಯಿತು, 1959ರ ಜುಲೈ 31ರಂದು ಇ.ಎಂ.ಎಸ್. ಸರಕಾರ ವಜಾ ಆಯಿತು. ನೇಮಕಾತಿಯನ್ನು ಲೋಕಸೇವಾ ಆಯೋಗದ ಪಟ್ಟಿಗೆ ಒಪ್ಪಿಸುವ ವಿಧಿ ಉಳಿಯಲಿಲ್ಲ. ನೇರ ಸಂಬಳ ಉಳಿಯಿತು. ಇಂದು ಚರ್ಚ್ ಆಡಳಿತದ ಅನುದಾನಿತ ಶಾಲೆಯ ಯಾವ ಶಿಕ್ಷಕನೂ ಹಳೆಯ ಪದ್ಧತಿ ಮರಳಿ ಬರಲಿ ಎನ್ನುವುದಿಲ್ಲ. ಅದರಿಂದ ಧರ್ಮ ನಾಶವಾಗಲೂ ಇಲ್ಲ. ಆದರೆ ಸಂಬಳ ಸರಕಾರದ್ದು, ನೇಮಕ ಮೆನೇಜರರದು ಎಂಬ ಅರ್ಧ ಸುಧಾರಣೆಯ ಬೆಲೆಯನ್ನು, ಕೆಲಸಕ್ಕೆಂದು ಚಿನ್ನ ಅಡವಿಟ್ಟು ದೇಣಿಗೆ ಕೊಟ್ಟ ಮನೆಗಳು ಬಲ್ಲವು. ಇದು ಕ್ರೈಸ್ತ ಶಾಲೆಗಳದ್ದು ಮಾತ್ರವಲ್ಲ, ಎಲ್ಲ ಧರ್ಮ ಜಾತಿಗಳ ಆಡಳಿತ ಮಂಡಳಿಗಳದ್ದೂ ಹೌದು.

ಹಣದ ಲೆಕ್ಕ ತಪ್ಪಿದಾಗ ಸಾಲ ಬೆಳೆಯುತ್ತದೆ. ಅಧಿಕಾರದ ಲೆಕ್ಕವೇ ಇಲ್ಲದಾಗ ನೋಯುವುದು ಮನುಷ್ಯರ ದೇಹ. ನಮ್ಮ ನೆರೆಯ ಕೊಟ್ಟಿಯೂರಿನ ಪ್ರಕರಣವನ್ನು ಶಿಕ್ಷಕರು ಮರೆಯುವಂತಿಲ್ಲ. ಮಾನಂದವಾಡಿ ಧರ್ಮಪ್ರಾಂತ್ಯಕ್ಕೆ ಸೇರಿದ ಅಲ್ಲಿನ ಧರ್ಮಗುರು ಶಾಲೆಯ ಮೆನೇಜರರೂ ಆಗಿದ್ದರು. ಅಪ್ರಾಪ್ತ ಬಾಲಕಿಯ ಮೇಲಿನ ಅತ್ಯಾಚಾರಕ್ಕಾಗಿ 2019ರ ಫೆಬ್ರವರಿಯಲ್ಲಿ ತಲಶ್ಶೇರಿಯ ಪೋಕ್ಸೋ ನ್ಯಾಯಾಲಯ 20 ವರ್ಷಗಳ ಶಿಕ್ಷೆ ವಿಧಿಸಿತು; ಹೈಕೋರ್ಟ್ ಅದನ್ನು 2021ರಲ್ಲಿ 10 ವರ್ಷಕ್ಕೆ ಇಳಿಸಿತು. ಪ್ರಕರಣ ಹೊರಬಂದಾಗ ಆ ಮಗುವಿನ ತಂದೆಯೇ ಅಪರಾಧವನ್ನು ತನ್ನ ಮೇಲೆ ಹೊತ್ತುಕೊಂಡಿದ್ದನು. ತಂದೆಯೊಬ್ಬನು ಅಂತಹ ಕಳಂಕವನ್ನು ಸ್ವೀಕರಿಸುವಷ್ಟು ಒಂದು ಪೀಠದ ಭಾರ ಇರುವುದಾದರೆ, ಅಲ್ಲಿ ಒಬ್ಬ ವ್ಯಕ್ತಿಯ ಪಾಪಕ್ಕಿಂತ ದೊಡ್ಡದೇನೋ ಕೆಲಸ ಮಾಡಿದೆ. ಪೋಕ್ಸೋ ಕಾಯಿದೆಯ 19ನೆಯ ವಿಧಿಯಂತೆ ಇಂತಹ ವಿಷಯ ತಿಳಿದವರೆಲ್ಲರೂ ಪೊಲೀಸರಿಗೆ ತಿಳಿಸಲು ಬಾಧ್ಯರು. ಮೆನೇಜರರ ಅನುಮತಿ ಅದಕ್ಕೆ ಬೇಕಿಲ್ಲ. ಇದನ್ನು ಪ್ರತಿಯೊಂದು ಸಿಬ್ಬಂದಿ ಸಭೆಯಲ್ಲಿಯೂ ಓದಿ ಹೇಳಬೇಕು.

ಧರ್ಮಭಗಿನಿಯರ ಸ್ಥಿತಿ ಇನ್ನೂ ಸೂಕ್ಷ್ಮ. ಕುರವಿಲಂಗಾಡಿನ ಮಠದ ಧರ್ಮಭಗಿನಿಯೊಬ್ಬರು 2018ರ ಜೂನ್‌ನಲ್ಲಿ ಜಲಂಧರ್ ಬಿಷಪ್ ಫ್ರಾಂಕೋ ಮುಳಯ್ಕಲ್ ವಿರುದ್ಧ ಅತ್ಯಾಚಾರದ ದೂರು ಕೊಟ್ಟರು. ತಾವು ಮೊದಲು ಧರ್ಮಸಭೆಯ ಹಿರಿಯರಿಗೇ ಬರೆದುದಾಗಿಯೂ ನ್ಯಾಯ ದೊರೆಯಲಿಲ್ಲವೆಂದೂ ಅವರು ಹೇಳಿದ್ದರು. ಐವರು ಸಹೋದರಿಯರು ಎರ್ನಾಕುಳಂ ಹೈಕೋರ್ಟಿನ ಬಳಿ ಕುಳಿತ ಮೇಲಷ್ಟೇ, ಸೆಪ್ಟೆಂಬರ್ 21ರಂದು ಬಂಧನವಾಯಿತು. 2022ರ ಜನವರಿ 14ರಂದು ಕೋಟ್ಟಯಂ ನ್ಯಾಯಾಲಯ ಬಿಷಪರನ್ನು ಖುಲಾಸೆ ಮಾಡಿತು. ಅದರ ವಿರುದ್ಧ ಮೇಲ್ಮನವಿ ಸಲ್ಲಿಕೆಯಾಗಿದೆ. ತೀರ್ಪಿನ ಬಗ್ಗೆ ನಾವು ತೀರ್ಪು ಕೊಡುವುದಿಲ್ಲ. ಆದರೆ ಬೆಂಬಲಿಸಿದ ಸಹೋದರಿಯರಿಗೆ ಬೇರೆ ಬೇರೆ ಊರುಗಳಿಗೆ ವರ್ಗಾವಣೆಯ ಆದೇಶ ಬಂದದ್ದು, ಅವರೊಂದಿಗೆ ದನಿಗೂಡಿಸಿದ ವಯನಾಡಿನ ಸಿಸ್ಟರ್ ಲೂಸಿ ಕಳಪ್ಪುರ ಅವರನ್ನು 2019ರ ಆಗಸ್ಟ್‌ನಲ್ಲಿ ಸಭೆಯಿಂದಲೇ ಹೊರಹಾಕಿದ್ದು ದಾಖಲಾದ ಸಂಗತಿಗಳು. ಲೂಸಿಯವರ ಮೇಲಿನ ದೋಷಾರೋಪಗಳಲ್ಲಿ ಕಾರು ಕೊಂಡದ್ದೂ ಪುಸ್ತಕ ಪ್ರಕಟಿಸಿದ್ದೂ ಸೇರಿದ್ದವು. ವಸತಿ, ಊಟ, ಔಷಧಿ, ವೃದ್ಧಾಪ್ಯ ಎಲ್ಲಕ್ಕೂ ಒಂದೇ ಸಂಸ್ಥೆಯನ್ನು ನಂಬಿದ ಹೆಣ್ಣುಮಗಳು ಆ ಸಂಸ್ಥೆಯ ಮೇಲಿನವರ ಬಗ್ಗೆ ದೂರು ಕೊಡುವುದೆಂದರೆ ಮನೆಯ ಸೂರನ್ನೇ ಪಣಕ್ಕಿಟ್ಟಂತೆ.

ಕನ್ನಡದ ಸೀಮೆ ಇದರಿಂದ ಹೊರತಲ್ಲ. ಮೈಸೂರು ಧರ್ಮಪ್ರಾಂತ್ಯದ ವ್ಯಾಪ್ತಿ ತಾಳವಾಡಿಗೆ ತಾಗಿದ ಚಾಮರಾಜನಗರದವರೆಗೂ ಇದೆ. ಅಲ್ಲಿನ ಬಿಷಪ್ ಕೆ.ಎ. ವಿಲಿಯಂ ಅವರ ವಿರುದ್ಧ 37 ಮಂದಿ ಧರ್ಮಗುರುಗಳು 2019ರಲ್ಲಿ ವ್ಯಾಟಿಕನ್ನಿಗೆ ದೂರು ಬರೆದರು. ಬಿಷಪರು ಆರೋಪ ನಿರಾಕರಿಸಿದರು. ಅವರನ್ನು ರಜೆಯ ಮೇಲೆ ಕಳುಹಿಸಿ ನಿವೃತ್ತ ಮಹಾಧರ್ಮಾಧ್ಯಕ್ಷ ಬರ್ನಾರ್ಡ್ ಮೊರಾಸ್ ಅವರಿಗೆ ಆಡಳಿತ ವಹಿಸಿದ್ದು 2023ರ ಜನವರಿಯಲ್ಲಿ. ನಡುವಿನ ಮೂರು ವರ್ಷಗಳಲ್ಲಿ ರೋಮಿನಲ್ಲಿ ಏನು ತನಿಖೆಯಾಯಿತು, ಏನು ಕಂಡುಬಂತು ಎಂಬ ವಿವರವನ್ನು ಮೈಸೂರಿನ ಭಕ್ತರ ಮುಂದೆ ಯಾರೂ ಇಡಲಿಲ್ಲ. ಆರೋಪ ಸುಳ್ಳಾಗಿದ್ದರೆ ಬಿಷಪರಿಗೂ ಅನ್ಯಾಯ, ನಿಜವಾಗಿದ್ದರೆ ದೂರಿತ್ತವರಿಗೂ ಅನ್ಯಾಯ. ಚುನಾಯಿತ ಸಮಿತಿಗಳಿರುವ ಪ್ರೊಟೆಸ್ಟೆಂಟ್ ಸಭೆಗಳೂ ಸುಖವಾಗಿಲ್ಲ: ದಕ್ಷಿಣ ಭಾರತ ಸಭೆಯಲ್ಲಿ ಬಿಷಪರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸಿದ ತಿದ್ದುಪಡಿ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿತು.

ಇಷ್ಟಾಗಿಯೂ ನಮ್ಮ ಕ್ರೈಸ್ತ ಬಂಧುಗಳು ಏಕೆ ಮೌನವಾಗಿದ್ದಾರೆ ಎಂದು ಕೇಳುವವರು 2008ರ ಸೆಪ್ಟೆಂಬರ್ 14ನ್ನು ನೆನೆಯಬೇಕು. ಮಂಗಳೂರಿನಲ್ಲಿ ಇಗರ್ಜಿಗಳ ಮೇಲೆ ದಾಳಿಯಾದ ಆ ದಿನ ತಲಪಾಡಿಯ ಈಚೆಗೂ ಭಯ ಹಬ್ಬಿತ್ತು. 2022ರಲ್ಲಿ ಕರ್ನಾಟಕದಲ್ಲಿ ಬಂದ ಮತಾಂತರ ನಿಷೇಧ ಕಾಯಿದೆಯೂ ಆ ಭಯಕ್ಕೆ ಇಂಬು ಕೊಟ್ಟಿತು. ಹೊರಗೆ ಕಲ್ಲು ಹಿಡಿದವರು ನಿಂತಿರುವಾಗ ಒಳಗಿನ ಜಗಳವನ್ನು ಬೀದಿಗೆ ತರುವುದೆಂತು ಎಂಬುದು ನಿಜವಾದ ಸಂಕಟ. ಕಾನೂನು ಬಂದರೆ ನಾಳೆ ಯಾವ ಸರಕಾರದ ಕೈಗೆ ಅದು ಸಿಗುವುದೋ ಎಂಬ ಆತಂಕವೂ ಹುಸಿಯಲ್ಲ. ಸರಕಾರದ ಮಂಡಳಿಯಿದ್ದ ಮಾತ್ರಕ್ಕೆ ಪ್ರಾಮಾಣಿಕತೆ ಬಂದುಬಿಡುವುದಿಲ್ಲವೆಂಬುದನ್ನು 2025ರ ಶಬರಿಮಲೆಯ ಚಿನ್ನದ ಪ್ರಕರಣ ತೋರಿಸಿದೆ. ಆದರೆ ಅಲ್ಲಿ ಹೊರಹೋದ ಹೊದಿಕೆಯ ತೂಕ ಕಾಗದದಲ್ಲಿ ಇತ್ತು. ಹೈಕೋರ್ಟ್ ಆ ಕಾಗದ ಹಿಡಿದೇ ತನಿಖೆಗೆ ಆದೇಶಿಸಿತು. ಸಂವಿಧಾನದ 26ನೆಯ ಅನುಚ್ಛೇದವೂ ಧಾರ್ಮಿಕ ಪಂಗಡಗಳಿಗೆ ಆಸ್ತಿಯನ್ನು ನಿರ್ವಹಿಸುವ ಹಕ್ಕು ಕೊಡುವಾಗ ಕಾನೂನಿಗೆ ಅನುಗುಣವಾಗಿ ಎಂಬ ಮಾತನ್ನು ಸೇರಿಸಿಯೇ ಕೊಟ್ಟಿದೆ. ಲೆಕ್ಕವನ್ನು ಬಹಿರಂಗಪಡಿಸುವ ಹೊಣೆ ಬೇರೆ, ಆಡಳಿತವನ್ನು ಕಿತ್ತುಕೊಳ್ಳುವುದು ಬೇರೆ. 2019ರ ಕರಡು ಮೊದಲನೆಯದನ್ನಷ್ಟೇ ಕೇಳಿತ್ತು ಎಂಬುದು ನಮ್ಮ ಓದು.

ಕಾಸರಗೋಡಿನ ಕನ್ನಡ-ಕೊಂಕಣಿ ಕೆಥೋಲಿಕರಿಗೆ ಇನ್ನೊಂದು ತೊಡಕಿದೆ. ಅವರ ಧರ್ಮಾಧ್ಯಕ್ಷರು ಮಂಗಳೂರಿನಲ್ಲಿ, ಶಾಸಕಾಂಗ ತಿರುವನಂತಪುರದಲ್ಲಿ. ಕೇರಳದಲ್ಲಿ ಚರ್ಚ್ ಕಾನೂನು ಬಂದರೆ ಬೇಳದ ಇಗರ್ಜಿಗೆ ಅದು ಅನ್ವಯ, ಉಳ್ಳಾಲದ ಇಗರ್ಜಿಗೆ ಇಲ್ಲ; ಒಂದೇ ಧರ್ಮಪ್ರಾಂತ್ಯ, ಎರಡು ನೆಲದ ಕಾನೂನು. ಈ ಪ್ರಶ್ನೆ 2019ರ ಚರ್ಚೆಯಲ್ಲಿ ಮುನ್ನೆಲೆಗೆ ಬರಲಿಲ್ಲ. ಆ ಚರ್ಚೆ ಬಹುಪಾಲು ಮಲಯಾಳದಲ್ಲಿಯೇ ನಡೆಯಿತು. ಸರಕಾರಿ ಕಚೇರಿಯ ನಮೂನೆ ನಮ್ಮ ಭಾಷೆಯಲ್ಲಿ ಇಲ್ಲದಿರುವಾಗ ಆಗುವ ಅಸಹಾಯಕತೆಯನ್ನು ನಾವು ದಿನನಿತ್ಯ ಬಲ್ಲೆವು. ಇಗರ್ಜಿಯ ಆಯವ್ಯಯವೂ ಹಾಗೆಯೇ: ಅಜ್ಜಿ ಜಪಮಾಲೆ ಹೇಳುವ ಭಾಷೆಯಲ್ಲಿ ಅದು ಇಲ್ಲದಿದ್ದರೆ ಇದ್ದೂ ಇಲ್ಲದಂತೆ.

ಕಾನೂನಿಗೆ ಕಾಯದೆ ಮಾಡಬಹುದಾದುದೂ ಇದೆ. ವಾಳೆಯ ಗುರಿಕಾರರಿಂದ ಹಿಡಿದು ಪಾಲನಾ ಮಂಡಳಿಯ ಉಪಾಧ್ಯಕ್ಷರವರೆಗೆ ಜನರೇ ಇರುವ ವ್ಯವಸ್ಥೆ ನಮ್ಮ ಧರ್ಮಕೇಂದ್ರಗಳಲ್ಲಿ ಈಗಾಗಲೇ ಇದೆ. ಹಣಕಾಸು ಸಮಿತಿಯ ಕೆಲವರನ್ನಾದರೂ ಧರ್ಮಕೇಂದ್ರದ ಕುಟುಂಬಗಳೇ ಆರಿಸಲಿ. ಪರಿಶೋಧಿತ ಲೆಕ್ಕವನ್ನು ವರ್ಷಕ್ಕೊಮ್ಮೆ ಕೊಂಕಣಿ, ಕನ್ನಡ, ಮಲಯಾಳಗಳಲ್ಲಿ ಇಗರ್ಜಿಯ ಬಾಗಿಲಿಗೆ ಅಂಟಿಸಲಿ. ದೂರು ಕೇಳುವ ಸಮಿತಿಯಲ್ಲಿ ಆ ಧರ್ಮಪ್ರಾಂತ್ಯದ ಸಂಬಳ ಪಡೆಯದ ಒಬ್ಬ ಮಹಿಳೆಯಾದರೂ ಇರಲಿ. ಇವುಗಳಿಗೆ ಕ್ಯಾನನ್ ಸಂಹಿತೆ ಅಡ್ಡಿ ಬರುವುದಿಲ್ಲ, ವ್ಯಾಟಿಕನ್ನಿನ ಅಪ್ಪಣೆಯೂ ಬೇಕಿಲ್ಲ. ಧರ್ಮಾಧ್ಯಕ್ಷರ ಒಂದು ಸುತ್ತೋಲೆ ಸಾಕು. ಅದನ್ನು ಬರೆಯಿರೆಂದು ಕೇಳುವ ಮನವಿಗೆ ಮೊದಲ ರುಜು ಬೇಳದಿಂದಲೋ, ಕಯ್ಯಾರಿನಿಂದಲೋ, ವರ್ಕಾಡಿಯಿಂದಲೋ ಬರಬೇಕು.